ಎರಡು ಗುಟುಕಿನ ಎಸ್ಪ್ರೆಸೊ

ಉಟಗಿಯ ದರ್ಜಿ ಈಶ್ವರನಿಗೆ ಜತ್ತಿನಲ್ಲಿ ಬಸ್ಸು ತಪ್ಪಿದ್ದೇ ಎಲ್ಲ ಅನಾಹುತಕ್ಕೆ ಮೂಲ. ದಾರ, ಗುಂಡಿ ಕೊಂಡು ಸ್ಟ್ಯಾಂಡಿಗೆ ಬರುವಷ್ಟರಲ್ಲಿ ಎಸ್.ಟಿ. ಧೂಳೆಬ್ಬಿಸಿ ಹೋಗಿಬಿಟ್ಟಿತ್ತು. ಎದುರಿಗೇ ಅಮಜದನ ಹೊಸ ಕಾಫಿ ಅಂಗಡಿ. ಅಮಜದ ಅಂದರೆ ಈಶ್ವರನ ಮಗ್ಗುಲ ಮನೆಯ ಬಾಬಾಲಾಲನ ಮಗ, ಪುಣೆಯಲ್ಲಿ ಕೆಲಸ ಕಲಿತು ಬಂದವನು.

“ಬರ್ರಿ ಕಾಕಾ, ಕುಂದ್ರಿ. ಎಸ್ಪ್ರೆಸೊ ಕುಡದು ಹೋಗ್ರಿ,” ಎಂದು ಅವನು ಮಷಿನ್ನಿನ ಹಿಡಿಕೆ ಹಿಡಿದ. “ಬೀಜ ತಾಜಾ ಹುರದದ್ದಿರಬೇಕ್ರಿ. ಪುಡಿ ಸಣ್ಣಗ ಇರಬೇಕು, ಗಟ್ಟಿ ಒತ್ತಿ ಕೂಡಸ್ಬೇಕು. ಬಿಸಿನೀರು ಜೋರಿಲೆ ನುಗ್ಗಿ ಜೇನಿನಂಗ ಇಳೀಬೇಕು. ನೀರು ಹೆಚ್ಚಾತಂದ್ರ ರುಚಿ ಹೋತು. ಚಹಾದಂಗಲ್ರಿ ಇದು, ಭಾಳ ಶಕ್ತಿ ಇರ್ತೈತಿ.”

ಮಷಿನ್ ಬುಸ್ಸೆಂದಿತು. ಈಶ್ವರ ಹಿಂದಕ್ಕೆ ಸರಿದ. ಸೂಜಿ ಚುಚ್ಚಿದರೂ ಧನುರ್ವಾಯು ಬಂತೆಂದು ಹಾಸಿಗೆ ಹಿಡಿಯುವ ಜೀವ ಅದು. ಮಕ್ಕಳ ಆಟಿಕೆಯಂಥ ಕಪ್ಪಿನಲ್ಲಿ ಎರಡು ಗುಟುಕು ಕರಿ ನೀರು ಬಂತು. ಬೇವಿನ ಕಷಾಯಕ್ಕೆ ಹೊಗೆ ಹಾಕಿದಂಥ ರುಚಿ. ಹುಡುಗ ನೊಂದುಕೊಂಡಾನೆಂದು ಕಣ್ಣು ಮುಚ್ಚಿ ನುಂಗಿದ. ಮೆಚ್ಚಿದನೆಂದು ತಿಳಿದು ಅಮಜದ ಇನ್ನೊಂದು ಕೊಟ್ಟ. ಅದನ್ನೂ ನುಂಗಿದ.

ಊರಿಗೆ ಹೊರಟ ಬಾಡಿಗೆ ಜೀಪಿನಲ್ಲಿ ಅದೇ ಓಣಿಯ ಬಾಳಾಸಾಹೇಬ ಪಕ್ಕಕ್ಕೆ ಕೂತದ್ದು ದುರ್ದೈವ. ಯಾರು ಸೀನಿದರೂ ರೋಗದ ಹೆಸರು ಹೇಳುವ ಮನುಷ್ಯ ಆತ.

“ಎಸ್ಪ್ರೆಸೊ ಕುಡದ್ಯಾ? ಅದೂ ಎರಡು?” ಆತ ದನಿ ತಗ್ಗಿಸಿದ. “ಸಾಂಗಲಿಯೊಳಗ ನಮ್ಮ ಸಡ್ಡಕ ಒಂದು ಕುಡದಿದ್ದ. ಎದಿ ಹೆಂಗ ಬಡೀತಂದ್ರ, ಅಂಗಿ ಗುಂಡಿ ಹಾರಿ ಬಿದ್ದವು.”

“ಆಮ್ಯಾಲ?”

“ಆಮ್ಯಾಲಿಂದು ಕೇಳಬ್ಯಾಡ.”

ಗುಂಡಿ ಹಾರಬೇಕಾದರೆ ಎಷ್ಟು ಬಲ ಬೇಕೆಂಬುದು ದರ್ಜಿಗೆ ಗೊತ್ತಿರುವಷ್ಟು ಬೇರೆ ಯಾರಿಗೆ ಗೊತ್ತು? ಈಶ್ವರ ಎದೆಯ ಮೇಲೆ ಕೈ ಇಟ್ಟ. ಒಳಗೆ ಯಾರೋ ಡೊಳ್ಳು ಬಾರಿಸುತ್ತಿದ್ದರು. ಬಾಯಿ ಒಣಗಿತು, ಅಂಗೈ ಬೆವರಿತು.

ದಾರಿಯಲ್ಲಿ ಸೊರಡಿ ಊರಿನ ಹತ್ತಿರ ಬಾಳಾಸಾಹೇಬ ಡ್ರೈವರನಿಗೆ ಹೇಳಿ ಜೀಪು ನಿಲ್ಲಿಸಿದ. “ಕಾಫಿ ಬೆವರಿನಾಗ ಇಳದು ಹೋಗ್ಲಿ, ಗಾಡಿ ಜೋಡಿ ಓಡು.” ಸಾವಿಗೆ ಹೆದರಿದವನು ಬಿಸಿಲಿಗೆ ಹೆದರುತ್ತಾನೆಯೇ? ಈಶ್ವರ ಧೋತರ ಎತ್ತಿ ಕಟ್ಟಿ ಓಡಿದ. ಏದುಸಿರು ಬಿಡುತ್ತ ಮರಳಿ ಹತ್ತಿದಾಗ ಬಾಳಾಸಾಹೇಬ ನಾಡಿ ಹಿಡಿದು ನೋಡಿದ. “ಇಳೀಲಿಲ್ಲ. ಮತ್ತೂ ಏರೇತಿ.”

ಮನೆ ಮುಟ್ಟುವಷ್ಟರಲ್ಲಿ, ಬಾಳಾಸಾಹೇಬ ಜೀಪಿನಿಂದಲೇ ಫೋನ್ ಮಾಡಿದ್ದರಿಂದ, ಓಣಿಯೆಲ್ಲ ಕೂಡಿತ್ತು. ಹೆಂಡತಿ ನಂದಾ ಬೀಸಣಿಕೆ ಹಿಡಿದು ಗೋಳಾಡಿದಳು. ಎದುರು ಮನೆಯ ಹಣಮವ್ವ ಹುಳಿ ಮಜ್ಜಿಗೆ ಕುಡಿಸಿ, ಉಳ್ಳಾಗಡ್ಡಿ ಜಜ್ಜಿ ಮೂಗಿಗೆ ಹಿಡಿದು, “ಪಾಪ, ಚಲೋ ಮನಷ್ಯಾ ಇದ್ದ,” ಎಂದು ಕಣ್ಣೊರೆಸಿಕೊಂಡಳು. ಆ ‘ಇದ್ದ’ ಕೇಳಿ ಈಶ್ವರನ ಕೈಕಾಲು ತಣ್ಣಗಾದವು.

ಬಾಳಾಸಾಹೇಬ ಅಮಜದನಿಗೆ ಫೋನ್ ಹಚ್ಚಿದ, ಎಲ್ಲರಿಗೂ ಕೇಳುವಂತೆ. “ನಿನ್ನ ಕಾಫಿ ಕುಡದು ಈಶ್ವರ ಸಾಯಾಕತ್ಯಾನ. ಫೌಜದಾರಗ ಹೇಳೂದೈತಿ.”

ಆ ಕಡೆಯಿಂದ ಅಳು ಬಂತು. “ಅದು ಕಾಫೀನ ಅಲ್ರಿ. ಬೀಜದ ಪಾರ್ಸಲ್ ಇನ್ನಾ ಬಂದಿಲ್ಲ. ಅಂಗಡಿ ಬಂದ್ ಇಡಬಾರ್ದಂತ ಅಮ್ಮಿ ಜ್ವಾಳಾ ಕರ್ರಗ ಹುರದು ಕೊಟ್ಟಿದ್ಲು. ಅದನ್ನ ಬೀಸಿ ಹಾಕಿದ್ದೆ.”

ಓಣಿ ಗೊಳ್ಳೆಂದು ನಕ್ಕಿತು. ಈಶ್ವರನೂ ನಕ್ಕು ಎದ್ದು ಕೂತ. ದಿನಾ ತಿನ್ನುವ ಜೋಳ, ಅದರಿಂದ ಏನಾದೀತು?

ಬಾಳಾಸಾಹೇಬ ಮಾತ್ರ ನಗಲಿಲ್ಲ. ಇನ್ನೊಮ್ಮೆ ನಾಡಿ ಹಿಡಿದ. “ಜ್ವಾಳದ ನೀರಿಗೆ ಎದಿ ಹಿಂಗ ಬಡಿಯೂದಿಲ್ಲ. ಹಂಗಾರ ಇದು ಖರೇನ ಎದಿ ರೋಗ. ಲಗೂನ ಮಿರಜದ ದವಾಖಾನಿಗೆ ಒಯ್ರಿ.”

ನಗು ನಿಂತು ಅಳು ಮರಳಿ ಶುರುವಾಯಿತು. ಜೀಪನ್ನು ತಿರುಗಿಸಿ ನಿಲ್ಲಿಸಿದರು. ಈಶ್ವರ ಫೋನ್ ಕಸಿದುಕೊಂಡು ಅಂಗಲಾಚಿದ:

“ತಮ್ಮಾ ಅಮಜದ, ಒಂದು ಚಮಚಾನರ ಖರೇ ಕಾಫಿ ಬೆರಸಿದ್ದೇನೋ?”

ಫೌಜದಾರನಿಗೆ ಹೆದರಿದ್ದ ಹುಡುಗ ಕೂಡಲೇ ಹೇಳಿದ: “ಅಲ್ಲಾನ ಆಣಿ ಕಾಕಾ, ಕಾಫಿ ಒಂದು ಕಾಳೂ ಹಾಕಿಲ್ಲ.”

ನಾಲ್ಕು ಮಂದಿ ಈಶ್ವರನನ್ನು ಎತ್ತಿ ಜೀಪಿನಲ್ಲಿ ಮಲಗಿಸಿದರು.