ಮಹಡಿ ಮನೆಯ ಢೂಂ ಢೂಂ

ಬಾಡಿಗೆಗೆ ಬರುವವರನ್ನು ಏನೇನು ಕೇಳಬೇಕೆಂಬ ವಿದ್ಯೆಯಲ್ಲಿ ನಾನು ಪಾರಂಗತನೆಂದೇ ತಿಳಿದಿದ್ದೆ. ಎಷ್ಟು ಜನ, ಎಲ್ಲಿ ಕೆಲಸ, ನಾಯಿ ಸಾಕುತ್ತೀರಾ, ಸಂಪಿನ ನೀರನ್ನು ನೋಡಿಕೊಂಡು ಬಳಸುತ್ತೀರಾ, ಯಾವುದನ್ನೂ ಬಿಡುವವನಲ್ಲ. ಆದರೆ ‘ಏನಾದರೂ ನುಡಿಸುತ್ತೀರಾ?’ ಎಂದು ಕೇಳಬೇಕೆನ್ನುವುದು ಮಾತ್ರ ಹೊಳೆದಿರಲಿಲ್ಲ. ಹೀಗಾಗಿ ಚಂದ್ರಾ ಲೇಔಟಿನ ನಮ್ಮ ಮಹಡಿ ಮನೆಗೆ ಸುಮಂಗಲಾ ಬಂದಳು. ದಾವಣಗೆರೆಯ ಹುಡುಗಿ, ಕಾಲೇಜಿನಲ್ಲಿ ಗಣಿತ ಪಾಠ ಹೇಳುತ್ತಾಳೆ, ಮಾತು ಕಡಿಮೆ. ಸಾಮಾನು ಎಂದರೆ ಎರಡು ಸೂಟ್‌ಕೇಸು, ಒಂದು ಕುಕ್ಕರು, ಮತ್ತು ಬಟ್ಟೆ ಹೊದಿಸಿದ ಆಳೆತ್ತರದ ಒಂದು ವಸ್ತು. “ಬೀರು ಇರ್ಬೇಕು ಬಿಡಿ,” ಎಂದಳು ನನ್ನ ಹೆಂಡತಿ ರಾಜಮ್ಮ.

ಅದು ಪಿಟೀಲು. ಪಿಟೀಲೆಂದರೆ ಭುಜಕ್ಕೆ ಆನಿಸಿಕೊಳ್ಳುವ ವಸ್ತುವೆಂದು ನಂಬಿದ್ದವನು ನಾನು. ಇದನ್ನು ನಿಂತುಕೊಂಡು, ತೆಂಗಿನ ಮರ ತಬ್ಬುವಂತೆ ತಬ್ಬಿ ನುಡಿಸಬೇಕು. ಹೆಸರು ಡಬಲ್ ಬೇಸ್ ಅಂತೆ. ದಿನಾ ಸಂಜೆ ಆರಕ್ಕೆ ನಮ್ಮ ತಲೆಯ ಮೇಲೆ ಶುರುವಾಗುತ್ತಿತ್ತು. ಢೂಂ. ಢೂಂ. ಢುಂಢೂಂ. ಹಾಡಿಲ್ಲ, ರಾಗವಿಲ್ಲ. ನಡುವೆ ದೀರ್ಘ ಮೌನ. ಮುಗಿಯಿತೆಂದು ಕಾಫಿ ಲೋಟ ಬಾಯಿಗಿಡುವಷ್ಟರಲ್ಲಿ ಮತ್ತೆ ಢೂಂ. ಎರಡು ತಿಂಗಳು ಸಹಿಸಿ, ಒಂದು ದಿನ ಮೆಟ್ಟಿಲು ಹತ್ತಿಯೇ ಬಿಟ್ಟೆ. “ನೋಡಮ್ಮ, ತಿಂಗಳ ಕೊನೆಗೆ ಬೇರೆ ಮನೆ ನೋಡ್ಕೊಂಡ್ಬಿಡು,” ಎಂದೆ.

ಅವಳು ಮರುದಿನ ಎರಡು ಪಾಸು ಹಿಡಿದು ಕೆಳಗೆ ಬಂದಳು. “ಭಾನುವಾರ ನಮ್ಮ ಆರ್ಕೆಸ್ಟ್ರಾ ಇದೆ ಸಾರ್. ಒಂದ್ಸಲ ಬಂದು ಕೇಳಿ. ಆಮೇಲೂ ಖಾಲಿ ಮಾಡು ಅಂದ್ರೆ ಮಾಡ್ತೀನಿ. ಈ ಪೆಟ್ಟಿಗೆ ನೋಡಿ ಈಗಾಗ್ಲೇ ಮೂರು ಮನೆಯವರು ಆಗಲ್ಲ ಅಂದಿದಾರೆ.”

ಆರ್ಕೆಸ್ಟ್ರಾ ಎಂದರೆ ನನಗೆ ಗೊತ್ತಿದ್ದುದು ಗಣೇಶನ ಪೆಂಡಾಲಿನದು. ಅದೇ ಧೈರ್ಯದಲ್ಲಿ ಅತ್ತಿಗುಪ್ಪೆಯಲ್ಲಿ ಮೆಟ್ರೋ ಹತ್ತಿ ಹೋದೆವು. ಸಭಾಂಗಣದೊಳಗೆ ಕಾಲಿಟ್ಟಾಗಲೇ ಇದು ಆ ಪೆಂಡಾಲಲ್ಲವೆಂದು ಗೊತ್ತಾಯಿತು. ಎತ್ತರದ ಚಾವಣಿ, ಮರದ ಗೋಡೆ, ಸಾವಿರ ಜನ ಇದ್ದರೂ ಪಿಸುಮಾತಿಲ್ಲ. ವೇದಿಕೆಯ ಮೇಲೆ ಎಪ್ಪತ್ತು ಜನ ಕರಿ ಬಟ್ಟೆಯಲ್ಲಿ. ಮೈಕು ಮಾತ್ರ ಒಂದೂ ಇಲ್ಲ. ನಾನು ಕೆಮ್ಮಿನ ಮಾತ್ರೆಯ ಕಾಗದ ಬಿಚ್ಚಿದೆ. ಆ ಸದ್ದಿಗೆ ಮುಂದಿನ ಮೂರು ಸಾಲು ತಿರುಗಿ ನೋಡಿತು. ಮಾತ್ರೆಯನ್ನು ಅರ್ಧ ಕಾಗದದ ಸಮೇತ ಬಾಯಿಗೆ ಹಾಕಿಕೊಂಡೆ. ಆಗ ಒಬ್ಬರು ಬಂದು ನಮಗೆ ಬೆನ್ನು ಹಾಕಿ ನಿಂತು ಕಡ್ಡಿ ಎತ್ತಿದರು. ಕಂಡಕ್ಟರ್ ಅಂತೆ. ಬಸ್ ಡಿಪೋದಲ್ಲಿ ಮೂವತ್ತು ವರ್ಷ ಗುಮಾಸ್ತನಾಗಿ ನೂರಾರು ಕಂಡಕ್ಟರ್‌ಗಳನ್ನು ಕಂಡವನು ನಾನು. ಬಾಯಿ ಬಿಡದೆ ಎಪ್ಪತ್ತು ಜನರನ್ನು ಹತೋಟಿಯಲ್ಲಿಟ್ಟವರನ್ನು ಕಂಡದ್ದು ಅಂದೇ ಮೊದಲು.

ಸಣ್ಣ ಪಿಟೀಲುಗಳೆಲ್ಲ ಒಟ್ಟಿಗೆ ಎದ್ದವು. ಕೊಳಲು ಸೇರಿತು, ಕಹಳೆ ಸೇರಿತು. ನಮ್ಮ ಸುಮಂಗಲಾ ಮಾತ್ರ ಹಿಂದಿನ ಮೂಲೆಯಲ್ಲಿ ಪೆಟ್ಟಿಗೆ ತಬ್ಬಿಕೊಂಡು ಸುಮ್ಮನೆ ನಿಂತಿದ್ದಳು. ಐದು ನಿಮಿಷವಾಯಿತು. “ಪಾಪ, ಅವಳಿಗೆ ಅವಕಾಶಾನೇ ಕೊಡ್ತಿಲ್ಲ,” ಎಂದು ರಾಜಮ್ಮ ನನ್ನ ಕಿವಿಯಲ್ಲಿ ಗೊಣಗಿದಳು. ನನಗೂ ಸಿಟ್ಟು ಬಂತು. ನಮ್ಮ ಮನೆಯವಳನ್ನು ಮೂಲೆಗೆ ತಳ್ಳಲು ಇವರು ಯಾರು?

ಆಗ ಬಂತು. ಢೂಂ. ಢೂಂ. ಢುಂಢೂಂ.

ನಾನು ಕುರ್ಚಿಯ ಕೈ ಹಿಡಿದುಕೊಂಡೆ. ಅದೇ ಸದ್ದು. ಆದರೆ ಅದರ ಮೇಲೆ ಆ ಅರವತ್ತೊಂಬತ್ತು ಜನರೂ ನಿಂತಿದ್ದರು. ನಾನು ಎರಡು ತಿಂಗಳು ಕೇಳಿದ್ದು ಬರೀ ಪಾಯ, ಮನೆ ಇಲ್ಲಿತ್ತು. ಆ ದೀರ್ಘ ಮೌನಗಳಲ್ಲಿ ಅವಳು ಉಳಿದವರ ಸರದಿಯನ್ನು ಎಣಿಸುತ್ತಿದ್ದಳೆಂದು ಆಗ ತಿಳಿಯಿತು. ಕಣ್ಣು ತೇವವಾದದ್ದನ್ನು ಮಾತ್ರೆಯ ಖಾರದ ಮೇಲೆ ಹಾಕಿದೆ.

ಮುಗಿದ ಮೇಲೆ ಹೊರಗೆ ಅವಳನ್ನು ಹುಡುಕಿಕೊಂಡು ಹೋದೆ. ಕ್ಷಮಿಸಮ್ಮ, ಮನೆ ಬಿಡಬೇಡ, ಎಂಬ ಎರಡು ಮಾತು ಮನಸ್ಸಿನಲ್ಲೇ ಜೋಡಿಸಿಟ್ಟುಕೊಂಡಿದ್ದೆ. ಬಾಯಿಂದ ಬಂದದ್ದು ಬೇರೆ. “ಮೂರನೇ ಸಲ ಢೂಂ ಬಂದಾಗ ಒಂಚೂರು ಲೇಟಾಯ್ತಲ್ಲಮ್ಮ.”

ಸುಮಂಗಲಾ ಬೆಚ್ಚಿ ನಿಂತಳು. ಆಚೀಚೆ ನೋಡಿ ದನಿ ತಗ್ಗಿಸಿದಳು. “ನಿಜ ಸಾರ್. ಎಣಿಕೆ ತಪ್ಪಿತು. ಪಕ್ಕದಲ್ಲಿದ್ದೋರಿಗೂ ಗೊತ್ತಾಗಿಲ್ಲ. ನಿಮಗೆ ಹೆಂಗೆ ಗೊತ್ತಾಯ್ತು?”

ಆ ಸಭಾಂಗಣದಲ್ಲಿ ಅವಳ ಪಾಲನ್ನು ಬಾಯಿಪಾಠ ಬಲ್ಲ ಏಕೈಕ ಶ್ರೋತೃ ನಾನೇ ಎಂಬ ಅಹಂಕಾರ ತಲೆಗೇರಿತು. ಕೈ ಹಿಂದೆ ಕಟ್ಟಿ ನಿಂತೆ. “ಸಂಜೆ ಒಂದು ಗಂಟೆ ಸಾಲದಮ್ಮ. ಬೆಳಿಗ್ಗೇನೂ ನುಡಿಸ್ಬೇಕು.”

“ಹಂಗಾದ್ರೆ ಮನೆ?”

“ಯಾವ ಮನೆ? ಮೊದ್ಲು ಎಣಿಕೆ ಸರಿ ಮಾಡ್ಕೋ.”

ಅವಳು ನಕ್ಕಳು, ನಮ್ಮ ಮನೆಗೆ ಬಂದ ಮೇಲೆ ಅವಳು ನಕ್ಕದ್ದನ್ನು ಕಂಡದ್ದು ಅಂದೇ. ರಾಜಮ್ಮ ಮಾತ್ರ ನನ್ನನ್ನೇ ದಿಟ್ಟಿಸುತ್ತಿದ್ದಳು. “ಬೆಳಿಗ್ಗೆ ಎಷ್ಟೊತ್ತಿಗೆ ಅಂತಾನೂ ಹೇಳ್ಬಿಡಿ,” ಎಂದಳು.

ಈಗ ಬೆಳಗಿನ ಐದೂವರೆಗೆ, ನನ್ನ ತಲೆದಿಂಬಿನ ನೇರ ಮೇಲೆ ಶುರುವಾಗುತ್ತದೆ. ಬೈಯೋಣವೆಂದರೆ ಆಜ್ಞೆ ನನ್ನದೇ. ಒಂದೊಂದು ದಿನ ಅವಳೇ ಮೇಲಿಂದ ಬಗ್ಗಿ, “ಸಾರ್, ಇವತ್ತು ಸರಿ ಬಂತಾ?” ಎಂದು ಕೇಳುತ್ತಾಳೆ. ಮುಸುಕು ಹಾಕಿ ಮಲಗಿದ್ದೆನೆಂದು ಹೇಳುವ ಹಾಗಿಲ್ಲ. “ಎರಡನೇದು ಇನ್ನೂ ಸ್ವಲ್ಪ ನೋಡ್ಕೋಬೇಕು,” ಎನ್ನುತ್ತೇನೆ. ಅವಳು ಪಾಪ, ಮತ್ತೆ ಅರ್ಧ ಗಂಟೆ ನುಡಿಸುತ್ತಾಳೆ.