ಎಡರೆಕ್ಕೆಯ ಐದು ಇಂಚು

ಅಳೆಯದೆ ನಾನು ಏನನ್ನೂ ನಂಬುವವನಲ್ಲ. ವಿನೋಬನಗರದ ನಮ್ಮ ಮನೆಗೆ ಪರದೆ ಹೊಲಿಸಬೇಕಾದರೆ ಕಿಟಕಿಯನ್ನು ಮೂರು ಸಲ ಅಳೆಯುತ್ತೇನೆ. "ಕಿಟಕಿ ಏನು ದಿನಾ ಬೆಳೆಯುತ್ತಾ?" ಎಂದು ಹೆಂಡತಿ ಕೇಳುತ್ತಾಳೆ. ಇಂಥ ನಾನು ಈಚೆಗೆ ಭದ್ರಾವತಿಯಲ್ಲಿ ನೆಲ ಬಿಟ್ಟು ಮೇಲೆದ್ದು ಬಂದಿದ್ದೇನೆ. ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತೇನೆ.

ವಿಮಾನ ನಮ್ಮ ಭಾವನದು. ಅವರು ಅಲ್ಲಿನ ಎರಕದ ಕಾರ್ಖಾನೆಯೊಂದರಲ್ಲಿ ಮರದ ಅಚ್ಚು ಮಾಡುತ್ತಿದ್ದು ನಿವೃತ್ತರಾದವರು. ಹಿತ್ತಲ ಶೆಡ್ಡಿನಲ್ಲಿ ನಾಲ್ಕು ವರ್ಷ ಕೂತು ಮೋಟಾರ್ ಗ್ಲೈಡರ್ ಕಟ್ಟಿದರು. ಇಂಜಿನ್ನಿನ ಬಲದಿಂದ ಏರಿ, ಆಮೇಲೆ ಅದನ್ನು ಆಫ್ ಮಾಡಿ, ಉದ್ದ ರೆಕ್ಕೆಗಳ ಮೇಲೆ ಹದ್ದಿನಂತೆ ತೇಲುವ ವಿಮಾನ. ನಕ್ಷೆ ಪೂರ್ತಿ ಅವರದೇ. ಲೋಕದಲ್ಲಿ ಇಂಥದ್ದು ಇನ್ನೊಂದಿಲ್ಲ. ಹೊಟ್ಟೆಯಡಿ ಒಂದೇ ಗಾಲಿ, ಬೆನ್ನ ಹಿಂದೆ ಇಂಜಿನ್, ಅಕ್ಕಪಕ್ಕ ಎರಡು ಸೀಟು. ನಕ್ಷೆಯಲ್ಲಿ ಎರಡನೆಯ ಸೀಟಿನ ಮೇಲೆ 'ಅರವತ್ತೆರಡು ಕೆಜಿ' ಎಂದು ಬರೆದಿತ್ತು. ಅದು ನಾನು. "ಡಿಸೈನಲ್ಲೇ ನೀನಿದ್ದೀಯ ಮಾರಾಯ. ನೀನು ಬರದಿದ್ರೆ ತೂಕ ತಪ್ಪುತ್ತೆ," ಎಂದರು.

ಊರಾಚೆಯ ಬಯಲಿನಲ್ಲಿ ರೆಕ್ಕೆ ಜೋಡಿಸಿದ ದಿನ ವಿಮಾನ ಎಡಕ್ಕೆ ವಾಲಿತು. ಎತ್ತಿ ನಿಲ್ಲಿಸಿದರೆ ಮತ್ತೆ ಎಡಕ್ಕೇ. "ಗಾಳಿ," ಎಂದರು ಭಾವ. ಒಂದು ಹುಲ್ಲುಕಡ್ಡಿಯೂ ಅಲುಗುತ್ತಿರಲಿಲ್ಲ. ಇನ್ನು ಹತ್ತು ನಿಮಿಷಕ್ಕೆ ಅದರೊಳಗೆ ಕೂರಬೇಕಾದವನು ನಾನು. ಟೇಪು ತೆಗೆದೆ, ಮೂರು ಸಲ ಅಳೆದೆ. ಎಡರೆಕ್ಕೆ ಐದು ಇಂಚು ಉದ್ದ.

"ಸಾಧ್ಯನೇ ಇಲ್ಲ. ಎರಡೂ ಇಪ್ಪತ್ತೇ ಅಡಿ!" ಎಂದು ಭಾವ ಚೀಲದಿಂದ ತಮ್ಮ ಹಳೆಯ ಸ್ಕೇಲು ಎಳೆದರು. ಎಳೆದವರು ಅದನ್ನೇ ನೋಡುತ್ತ ನಿಂತುಬಿಟ್ಟರು. ಕಾದ ಲೋಹ ಆರಿದಾಗ ಕುಗ್ಗುತ್ತದೆಂದು ಅಚ್ಚಿನವರ ಸ್ಕೇಲಿನಲ್ಲಿ ಅಡಿಗೆ ಕಾಲಿಂಚು ಹೆಚ್ಚಿಗೆ ಇಟ್ಟಿರುತ್ತಾರೆ. ಎಡರೆಕ್ಕೆ ಆದದ್ದು ಆ ಸ್ಕೇಲಿನಲ್ಲಿ. ಬಲರೆಕ್ಕೆಯ ಹೊತ್ತಿಗೆ, ಅವರ ಸ್ಕೇಲಿನ ಅಂಕಿ ಸವೆದಿದೆಯಲ್ಲ ಪಾಪ ಎಂದು, ಹೊಸ ಟೇಪು ಉಡುಗೊರೆ ಕೊಟ್ಟ ಪುಣ್ಯಾತ್ಮ ನಾನೇ.

ಅಕ್ಕ ಸೆರಗನ್ನು ಬಾಯಿಗೊತ್ತಿಕೊಂಡು ಕೇಳಿದಳು: "ಏನ್ರೀ, ಮೋಡದಲ್ಲಿ ತಣ್ಣಗಾದ್ಮೇಲೆ ರೆಕ್ಕೆ ಕುಗ್ಗುತ್ತೆ ಅಂತಾನಾ?"

ಭಾವ ಎರಡು ವಾರ ಕೂತು ಎಡರೆಕ್ಕೆಯನ್ನು ಸರಿಮಾಡಿದರು. ನಾನು ಅಳೆದು ಒಪ್ಪಿದೆ. ಒಪ್ಪಿದ ಮೇಲೆ ಕೂರದಿರಲು ನೆಪ ಉಳಿಯಲಿಲ್ಲ. "ಬರೀ ನೆಲದ ಮೇಲೆ ಓಡಿಸ್ತೀನಿ, ಹಾರಲ್ಲ," ಎಂದು ಮಾತು ಕೊಟ್ಟರು. ಓಡಿತು. ಗಡಗಡ ಸದ್ದು ಇದ್ದಕ್ಕಿದ್ದಂತೆ ನಿಂತಿತು. ಬಗ್ಗಿ ನೋಡಿದೆ: ಗಾಲಿ ಗಾಳಿಯಲ್ಲಿ, ಅದರ ನೆರಳು ಕೆಳಗೆ ನೆಲದ ಮೇಲೆ.

"ಭಾವ, ಇಳ್ಸಿ!"

"ಇರೋ ಮಾರಾಯ, ಹತ್ತಿದ್ದು ಹೇಗೆ ಅಂತ ಮೊದ್ಲು ನನಗೆ ಗೊತ್ತಾಗ್ಲಿ!"

ಅಷ್ಟರಲ್ಲಿ ಅದು ತಾನಾಗಿಯೇ ಇಳಿಯಿತು. ಎಷ್ಟು ಎತ್ತರ ಹೋಗಿತ್ತು? ಸತ್ಯವಾಗಿ ಹೇಳುತ್ತೇನೆ, ಒಂದು ಗೇಣು. ಆದರೆ ವಿನೋಬನಗರದಲ್ಲಿ ಕೇಳಿದವರಿಗೆಲ್ಲ ಎರಡಾಳೆತ್ತರ ಎನ್ನುತ್ತಿದ್ದೇನೆ. ಬಿಸಿಬಿಸಿ ಸುದ್ದಿ, ಕೇಳಿದವರ ತಲೆಯಲ್ಲಿ ಆರುವಾಗ ಕುಗ್ಗುತ್ತದಲ್ಲ, ಅದಕ್ಕೆ ಸ್ವಲ್ಪ ಹೆಚ್ಚಿಗೆ ಇಟ್ಟಿದ್ದೇನೆ.