ಕಿವಿಯೊಳಗಿನ ಗೋಡೆ

ಗೋಡೆಯ ವಿಷಯದಲ್ಲಿ ಯಾರಾದರೂ ಬುದ್ಧಿ ಹೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಆಲೂರಿನಿಂದ ಮಾರನಹಳ್ಳಿಯವರೆಗೆ ನಾನು ಕಟ್ಟಿದ ಗೋಡೆಗಳಲ್ಲಿ ಒಂದು ಬಿರುಕು ತೋರಿಸಲಿ, ಅಂದೇ ಕರಣೆ ಕೆಳಗಿಡುತ್ತೇನೆ. ಸೋರುವ ಮನೆಗಳನ್ನೆಲ್ಲ ರಿಪೇರಿ ಮಾಡಿದ ನಾನು, ಚಿಕ್ಕಂದಿನಿಂದ ಸೋರುತ್ತಿದ್ದ ನನ್ನ ಎಡಗಿವಿಗೆ ಮಾತ್ರ ಹತ್ತಿ ತುರುಕಿಕೊಂಡು ಓಡಾಡುತ್ತಿದ್ದೆ. ಯಾರಾದರೂ ಹೇಳಿದ್ದು ಕೇಳಿಸದಿದ್ದರೆ ಯೋಚನೆ ಮಾಡುವವನಂತೆ ಮುಖ ಮಾಡುತ್ತಿದ್ದೆ. ಇದರಿಂದ ಗಂಭೀರ ಮನುಷ್ಯ ಎಂಬ ಹೆಸರೂ ಬಂದಿತ್ತು.

ಒಂದು ದಿನ ಗಾರೆ ಹಾಕುತ್ತಿದ್ದಾಗ ತಲೆ ಸುತ್ತಿ ಕೂತುಬಿಟ್ಟೆ. ಹೆಂಡತಿ ಜಯಮ್ಮ ಬಸ್ಸು ಹತ್ತಿಸಿ ಹಾಸನಕ್ಕೆ ಎಳೆದುಕೊಂಡು ಹೋದಳು. ಡಾಕ್ಟರಮ್ಮ ಕಿವಿಯೊಳಗೆ ಇಣುಕಿ, ಒಳಗೆ ಪೊರೆಯಂಥದ್ದು ಬೆಳೆದು ಮೂಳೆ ತಿನ್ನುತ್ತಿದೆ, ಬಿಟ್ಟರೆ ಮಿದುಳಿಗೂ ಹೋಗಬಹುದು ಎಂದರು. ಆಪರೇಷನ್ನಿನಲ್ಲಿ ಎರಡು ಬಗೆಯಂತೆ. ಕಿವಿಯ ಓಣಿಗೂ ಹಿಂದಿನ ಮೂಳೆಗೂ ನಡುವೆ ಒಂದು ಗೋಡೆಯಿದೆ. ಅದನ್ನು ತೆಗೆದರೆ ಎಲ್ಲ ಒಂದೇ ಕೋಣೆಯಾಗಿ, ರೋಗ ಅಡಗಿಕೊಳ್ಳಲು ಜಾಗ ಕಡಿಮೆ. ಆದರೆ ನೀರು ಬೀಳದಂತೆ ಕಾಪಾಡಿಕೊಂಡು, ಆಗಾಗ ಬಂದು ಕ್ಲೀನ್ ಮಾಡಿಸುತ್ತಿರಬೇಕು. ಉಳಿಸಿದರೆ ಆ ರಗಳೆಯಿಲ್ಲ. ಆದರೆ ಮೂಲೆಯಲ್ಲೆಲ್ಲಾದರೂ ರೋಗ ಉಳಿದಿದೆಯೇ ಎಂದು ವರ್ಷ ಬಿಟ್ಟು ಮತ್ತೆ ತೆರೆದು ನೋಡಬೇಕು.

"ಮನೆ ಮಾಲೀಕರಿಗೆ ನೀವೇನು ಹೇಳ್ತೀರಿ ಮೇಸ್ತ್ರಿ?" ಎಂದು ಡಾಕ್ಟರಮ್ಮ ನಕ್ಕರು.

'ಒಡೆದುಹಾಕಿ, ಹಾಲ್ ದೊಡ್ಡದಾಗ್ತದೆ' ಎಂದು ಎಲ್ಲರಿಗೂ ಹೇಳುವವನೇ ನಾನು. ನನ್ನದೇ ಗೋಡೆ ಎಂದಾಗ ಮಾತ್ರ, "ಉಳಿಸ್ಬುಡಿ ಡಾಕ್ಟ್ರೇ, ಗಟ್ಟಿ ಐತೆ" ಎಂದೆ.

"ನೀವೇನ್ ಒಳಕ್ಕೋಗಿ ನೋಡ್ಕಂಡ್ ಬಂದಿದ್ದೀರಾ?" ಎಂದಳು ಜಯಮ್ಮ.

ಉಳಿಸಿದರು. ಸೋರುವುದೂ ನಿಂತಿತು. ಆದರೆ ಆ ಒಂದು ವರ್ಷ ನಾನು ಪಟ್ಟ ಪಾಡು ಯಾರಿಗೂ ಬೇಡ. ಕಟ್ಟಿದ್ದನ್ನು ಯಾರಾದರೂ ಎರಡನೇ ಸಲ ಬಂದು ಕುಟ್ಟಿ ನೋಡಿದರೆ ಜಗಳಕ್ಕೆ ಬೀಳುವವನು, ಈಗ ನನ್ನ ತಲೆಯನ್ನೇ ಪರೀಕ್ಷೆಗೆ ಒಡ್ಡಬೇಕಿತ್ತು. ರೋಗ ಉಳಿದಿದ್ದರೆ ಗೋಡೆಯೂ ಹೋದಂತೆ. ಕಿವಿಯ ಹಿಂದೆ ಬೆರಳಲ್ಲಿ ಕುಟ್ಟಿ, ಪೊಳ್ಳು ಶಬ್ದ ಬರುತ್ತದೆಯೇ ಎಂದು ದಿನಾ ನೋಡಿಕೊಳ್ಳುತ್ತಿದ್ದೆ.

ಎರಡನೇ ಆಪರೇಷನ್ನಾಗಿ ಎಚ್ಚರವಾದಾಗ ಡಾಕ್ಟರಮ್ಮ ಮಂಚದ ಪಕ್ಕ ನಿಂತಿದ್ದರು. "ಒಳಗೆ ಏನೂ ಇಲ್ಲ ಮೇಸ್ತ್ರಿ. ಪೂರ್ತಿ ಖಾಲಿ!"

ಜಯಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಲೇ, "ನಾನು ಮದ್ವೆಯಾದ ವರ್ಷಾನೇ ಹೇಳಿದ್ದೆ ಡಾಕ್ಟ್ರೇ. ಇದಕ್ಕೆ ಎರಡೆರಡು ಸಲ ಕುಯ್ದು ನೋಡ್ಬೇಕಾಗಿತ್ತಾ?" ಎಂದಳು.

ನಿನ್ನ ತಲೆ ಖಾಲಿ ಎಂದು ಮೇಷ್ಟ್ರು ಅಂದರೆಂದು ಐದನೇ ಕ್ಲಾಸಿಗೇ ಶಾಲೆ ಬಿಟ್ಟು ಬಂದವನು ನಾನು. ಅದೇ ಮಾತನ್ನು ಅಷ್ಟು ಓದಿದ ಡಾಕ್ಟರು ಹೇಳಿದ್ದಕ್ಕೆ, ಆವತ್ತು ವಾರ್ಡಿನವರಿಗೆಲ್ಲ ಕಾಫಿ ತರಿಸಿದೆ.